ಅವ್ವ ಮೂರು ಸಲ ಕೇಳಿದ್ದು

ಅವ್ವಾ,

ಇವತ್ತು ನಮ್ಮ ಸೇಂಟ್ ಲೂಸಿಯಾ ದ್ವೀಪದ ಕಾಲೇಜಿನಲ್ಲಿ ನಿನ್ನ ದನಿ ಕೇಳಿಸಿದರು. ಇಂಗ್ಲೆಂಡಿನ ಪ್ರೊಫೆಸರು ಐವತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಕೂತು ಮಾಡಿಕೊಂಡು ಹೋಗಿದ್ದ ಟೇಪು ಈಗ ವಾಪಸು ಬಂದಿದೆ. ನಮ್ಮ ಮನೆಮಾತು ಕ್ರಿಯೋಲಿನಲ್ಲಿ ನೀನು ಹೇಳುತ್ತಿದ್ದ ಕತೆಗಳಲ್ಲಿ ಉಳಿದಿರುವುದು ಅದೊಂದೇ ಎಂದು ಎಲ್ಲರೂ ಕಿವಿಗೊಟ್ಟು ಕೂತಿದ್ದರು.

“ಕ್ರಿಕ್?” ಎಂದೆ ನೀನು, ಕತೆಗೆ ಮೊದಲು ಯಾವಾಗಲೂ ಕೇಳುವ ಹಾಗೆ. ಟೇಪಿನಲ್ಲಿ ಯಾರೂ “ಕ್ರಾಕ್” ಅನ್ನಲಿಲ್ಲ. ಕೇಳುವವರು ಓಗೊಡದೆ ನೀನು ಕತೆ ಶುರುಮಾಡಿದವಳೇ ಅಲ್ಲ. ಪ್ರೊಫೆಸರಿಗೆ ಅದೆಲ್ಲಿ ಗೊತ್ತು? ಮೂರು ಸಲ ಕೇಳಿದೆ ನೀನು. ಆಮೇಲೆ ಟೇಪಿನಲ್ಲಿ ಒಂದು ಬಾಗಿಲು ದಡಾರನೆ ಮುಚ್ಚಿಕೊಂಡಿತು.

“ಕೇಳೋರೇ ಇಲ್ಲ ಅಂದ್ಮೇಲೆ ಕತೆ ಎಲ್ಲಿಂದ ಬರ್ಬೇಕು ದೊರೆ?” ಎಂದು ನೀನು ನಕ್ಕೆ. ಅಷ್ಟಕ್ಕೇ ಟೇಪು ಮುಗಿಯಿತು.

ಈಗ ಆ ಕಾಲೇಜಿನಲ್ಲೇ ಪಾಠ ಹೇಳುವ ನನ್ನ ಹಳೇ ವಿದ್ಯಾರ್ಥಿ ಇಗ್ನೇಷಿಯಸ್ ನನ್ನತ್ತ ತಿರುಗಿದ. “ಟೀಚರ್, ಮನೇಲಿ ಬೇರೆ ಯಾರೂ ಇರ್ಲಿಲ್ವಾ? ಒಂದು ಕ್ರಾಕ್ ಅಂದಿದ್ರೆ ಸಾಕಿತ್ತು. ಕ್ಲಾಸಲ್ಲಿ ಕ್ರಿಯೋಲ್ ಮಾತಾಡಿದ್ವಿ ಅಂತ ನೀವು ನಮ್ಗೆ ಸೋಪು ಹಾಕಿ ಬಾಯಿ ತೊಳಿಸ್ತಿದ್ರಲ್ಲ, ಮನೆಯೋರಿಗೂ ತೊಳಿಸಿಬಿಟ್ಟಿದ್ರಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಪ್ರೊಫೆಸರು ಟೇಪು ಮಾಡಲು ಬಂದ ಆ ವಾರವಷ್ಟೇ ನನಗೆ ಇಂಗ್ಲಿಷ್ ಶಾಲೆಯ ಕೆಲಸ ಸಿಕ್ಕಿತ್ತು. ಹೊಸ ಬೂಟು ಹಾಕಿಕೊಂಡು ಒಳಕೋಣೆಯ ಬಾಗಿಲ ಬಳಿ ನಿಂತಿದ್ದೆ.

ಬಾಗಿಲು ಹಾಕಿದ್ದು ಯಾರೆಂದು ಇವತ್ತೂ ಯಾರೂ ಕೇಳಲಿಲ್ಲ, ಅವ್ವಾ.