ಈ ಸಲ ಮನೆ ನಾನೇ ನೋಡುತ್ತೇನೆ

ಗುಂಡಾ,

ನಾನು ಮನೆಯಲ್ಲಿಲ್ಲವೆಂದು ಗಾಬರಿಯಾಗಬೇಡ. ಕೆಳಗಿನ ಮನೆಯ ಬಡಗಿ ಮತ್ತು ಅವನ ತಮ್ಮ ಗಾಲಿಕುರ್ಚಿ ಸಮೇತ ನನ್ನನ್ನು ಎತ್ತಿ ಇಳಿಸುತ್ತಾರೆ. ಅವರ ವ್ಯಾನಿನಲ್ಲೇ ಊರಾಚೆಯ ಆ ಮನೆ ನೋಡಲು ಹೊರಟಿದ್ದೇನೆ. ಕರೆದದ್ದು ನಾನು, ಅವರನ್ನು ಬೈಯಬೇಡ.

ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು. ಬಾಲ್ಕನಿಯ ಬಟ್ಟೆ ಒಳಗೆ ತಾ.

ನಿನ್ನೆ ಏನಂದೆ? "ಅಲ್ಲೇನಿದೆ ಅಮ್ಮಾ? ಪೇಟೆಲಾದ್ರೆ ಎಲ್ಲಾ ಕೈಗೆ ಸಿಗೋ ಹಾಗಿದೆ." ನಿನ್ನ ಕೈಗೆ ಸಿಗುತ್ತದೆ, ಮಾರಾಯ. ಔಷಧಿ ಅಂಗಡಿ, ಲೈಬ್ರರಿ, ನನ್ನ ಗೆಳತಿಯ ಮನೆ ಎಲ್ಲವೂ ಮೂರು ಮಹಡಿ ಕೆಳಗಿವೆ. ಕಾಲು ಹೋದ ಮೇಲೆ ಎರಡು ವರ್ಷದಲ್ಲಿ ನಾನು ಇಳಿದದ್ದು ನಾಲ್ಕೇ ಸಲ, ನಾಲ್ಕೂ ಸಲ ಆಸ್ಪತ್ರೆಗೆ.

ಈ ಮನೆ ಬಿಡಲೇಬೇಕು, ಸರಿ. ಆದರೆ ನೀನು ಪೇಟೆಯಲ್ಲಿ ಗೊತ್ತುಮಾಡಿರುವ ಮನೆಯೂ ಎರಡನೇ ಮಹಡಿಯಲ್ಲಿದೆ! "ಲಿಫ್ಟ್ ಹಾಕಿಸ್ತಾರಂತೆ" ಎಂಬ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಊರಾಚೆಯ ಮನೆಗೆ ಹೋದರೆ ನೀನು ಒಂದು ಗಂಟೆ ಮುಂಚೆ ಎದ್ದು ಬಸ್ಸು ಹಿಡಿಯಬೇಕು. ಅದು ನನಗೂ ಗೊತ್ತು. ಆದರೂ ಈ ಸಲ ನಾನು ಬಗ್ಗುವವಳಲ್ಲ. ಅದು ನೆಲಮಟ್ಟದ ಮನೆ, ಒಂದು ಮೆಟ್ಟಿಲೂ ಇಲ್ಲವಂತೆ. ಮಾಲೀಕರು ಒಪ್ಪಿದ್ದಾರೆ, ಸಂಜೆಯವರೆಗೆ ಆ ಮನೆಯ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ.

ಫೋನ್ ಮಾಡಿ ಪುಸಲಾಯಿಸಬೇಡ. ಊಟ ಮುಗಿಸಿ ಅಲ್ಲಿಗೇ ಬಾ. ಬಾಗಿಲು ತಟ್ಟು. ನಾನೇ ಬಂದು ತೆಗೆದು, ಬೀದಿಯ ಕೊನೆಯವರೆಗೆ ನಿನ್ನನ್ನು ಸುತ್ತಾಡಿಸಿಕೊಂಡು ಬರುತ್ತೇನೆ.

ಅಮ್ಮ