ಕೊನೆಯ ಪಾಠವಿಲ್ಲದ ಕುರಿ ಪುಸ್ತಕ

ಎರವಲು ಮನೆ, ಸವಣೂರು
ಫೆಬ್ರವರಿ ೩೧, ೨೨೮೭

ಎರಡೂವರೆ ಶತಮಾನದ ಹಿಂದೆ ಗ್ರಂಥಾಲಯಗಳಲ್ಲಿ ಕುಳಿತಿರುವ ಹಿರಿಯರಿಗೆ ದಾನವ್ವ ಹೆಬಸೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ನಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆ ಎಂದು ನಮ್ಮ ಮುತ್ತಜ್ಜಂದಿರು ಜಗಳ ತೆಗೆದು ಅದಕ್ಕೂ ಮೂವತ್ತೊಂದು ದಿನ ಕೊಡಿಸಿದರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ಊರಿನ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ಇನ್ನೊಂದು ಊರಿನಿಂದ ತರಿಸಿ ಓದುಗರ ಕೈಗಿಡುವುದು ನಮ್ಮ ಕೆಲಸ. ಇದನ್ನು ನಿಮ್ಮಿಂದಲೇ ಕಲಿತೆವು. ನೀವು ಅದನ್ನು ಯಾವುದೋ ಮೂಲೆಯ ಮೇಜಿನಲ್ಲಿ ಸದ್ದುಗದ್ದಲವಿಲ್ಲದೆ ನಡೆಸುತ್ತಿದ್ದಿರಂತೆ. ನಮ್ಮಲ್ಲಿ ಅದಕ್ಕೆಂದೇ ಹಜಾರವಿರುವ ದೊಡ್ಡ ಮನೆಯಿದೆ, ಮದುವೆಗೆ ಹೆಣ್ಣು ಕೊಡುವವರು ಕೂಡ ಎರವಲು ಮನೆಯ ಕೆಲಸದವರೆಂದರೆ ಹೆಚ್ಚು ವಿಚಾರಿಸದೆ ಒಪ್ಪಿಕೊಳ್ಳುತ್ತಾರೆ. ಯಂತ್ರಗಳಿಲ್ಲವೇ ಎಂದು ಕೇಳುತ್ತೀರಿ. ಬೇಕಾದಷ್ಟಿವೆ. ಆದರೆ ಅವು ತೋರಿಸುವುದು ತೊಳೆಪುಟ. ದಿನಾ ಬೆಳಗ್ಗೆ ತನ್ನನ್ನು ತಾನೇ ತೊಳೆದುಕೊಂಡು ಹೊಸದಾಗಿ ಬಂದು ನಿಲ್ಲುವ ಪುಟ. ನಿನ್ನೆ ಹೇಳಿದ ಮದ್ದು ಇವತ್ತು ಅಲ್ಲಿರುವುದಿಲ್ಲ. ಪುಸ್ತಕವನ್ನು ಯಂತ್ರಕ್ಕೆ ಓದಿ ಹೇಳಿದರೂ ಅದು ತನಗೆ ತೋಚಿದ್ದನ್ನು ಬೆರೆಸಿಯೇ ಆಚೆ ದಾಟಿಸುತ್ತದೆ. ಹೀಗಾಗಿ ಆಡಿದ ಮಾತಿಗೆ ನಿಲ್ಲುವ ಪುಟ ಬೇಕಾದವರು ನಮ್ಮ ಬಾಗಿಲಿಗೆ ಬರುತ್ತಾರೆ.

ಪುಸ್ತಕ ಹೋಗುವುದು ಬಿಸಿಲುಗಾಡಿಯಲ್ಲಿ. ಬಿಸಿಲಿರುವಷ್ಟು ಹೊತ್ತು ಓಡಿ, ಹೊತ್ತು ಮುಳುಗಿದ ಊರಿನಲ್ಲಿ ನಿಂತುಬಿಡುವ ಗಾಡಿ ಅದು. ಪುಸ್ತಕದ ಜೊತೆ ಒಬ್ಬರು ಹೊರೆಗಾರರು ಇರಲೇಬೇಕು. ತಂಗಿದ ಊರಿನಲ್ಲಿ ಅವರು ಊಟಕ್ಕೆ ಕೂರುವ ಮೊದಲು ಪುಸ್ತಕದ ಒಂದು ಪಾಠವನ್ನು ಗಟ್ಟಿಯಾಗಿ ಓದಬೇಕು. ಊರಿನವರೊಬ್ಬರು ಅದನ್ನು ಮನಸ್ಸಿಟ್ಟು ಕೇಳಿ ಬೆಳಗ್ಗೆ ಗಾಡಿ ಹೊರಡುವ ಮುಂಚೆ ಬಾಯಲ್ಲಿ ಒಪ್ಪಿಸಬೇಕು. ಇದಕ್ಕೆ ಸಂಜೆಯೋದು ಎನ್ನುತ್ತೇವೆ. ಊಟದ ಋಣ ತೀರಿಸುವ ನಾಟಕ ಎಂದು ಗೇಲಿ ಮಾಡುವವರು ಮೊದಲು ಬಹಳ ಜನ ಇದ್ದರು. ಅವರ ಬಾಯಿ ಹೇಗೆ ಮುಚ್ಚಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ, ಅದನ್ನು ಮುಚ್ಚಿಸಿದವಳು ನನ್ನ ಹಡೆದವ್ವ.

ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಕೂಡ್ಲಿಗಿ ಕಡೆ ಕುರಿಮರಿಗಳು ಗಂಟಲು ಬಾತು ಸಾಯತೊಡಗಿದವು. ಬೋರಮ್ಮ ಎಂಬ ಕುರಿಗಾರ್ತಿಯ ಹಟ್ಟಿಯಲ್ಲಿ ಅರ್ಧ ಮರಿಗಳು ಹೋಗಿದ್ದವು. ತೊಳೆಪುಟ ದಿನಕ್ಕೊಂದು ಮದ್ದು ಹೇಳಿ ಅವಳ ತಲೆ ಕೆಡಿಸಿತ್ತು. ಆ ಬೇನೆಯ ಬಗ್ಗೆ ನಾಲ್ಕೇ ಪಾಠಗಳ ತೆಳ್ಳನೆಯ ಪುಸ್ತಕವೊಂದು ನಮ್ಮಲ್ಲಿತ್ತು. ರಟ್ಟು ಹರಿದು ಹೆಸರೇ ಹೋಗಿತ್ತು, ನಮಗೆ ಗೊತ್ತಿದ್ದ ಮಟ್ಟಿಗೆ ಎಲ್ಲಿಯೂ ಇನ್ನೊಂದು ಪ್ರತಿ ಇರಲಿಲ್ಲ. ಕೂಡ್ಲಿಗಿಯ ಗ್ರಂಥಾಲಯ ಕೇಳಿತು. ನಮ್ಮವರು ಹಿಂದುಮುಂದು ನೋಡದೆ ಕೊಟ್ಟರು. ಹೊರೆಗಾರಳಾಗಿ ನನ್ನವ್ವ ಬಾಳವ್ವ ಹೊರಟಳು.

ಮೊದಲ ಸಂಜೆ ಲಕ್ಷ್ಮೇಶ್ವರ. ಬೇನೆಯ ಗುರುತು ಹೇಳುವ ಪಾಠವನ್ನು ಬಳೆ ಮಾರುವ ಖಾದರಬೀ ಕೇಳಿದಳು. ಎರಡನೆಯದು ಮದ್ದಿನ ಪಾಠ. ಅದನ್ನು ಶಿರಹಟ್ಟಿಯಲ್ಲಿ ಬೀರಪ್ಪಜ್ಜ ಕೇಳಿದ. ಮದ್ದು ಕುಡಿಸಿದ ಮೇಲಿನ ಆರೈಕೆಯ ಪಾಠ ಮುಂಡರಗಿಯ ಅನ್ನದಾನಿ ಮಾಸ್ತರರ ಪಾಲಿಗೆ ಬಂತು. ನಾಲ್ಕನೆಯದು ಬೇನೆ ಮತ್ತೆ ಬಾರದಂತೆ ಮಂದೆಯನ್ನು ಕಾಯುವ ಪಾಠ. ಅದನ್ನು ಹೊಳೆಯಾಚೆ ಹೂವಿನಹಡಗಲಿಯಲ್ಲಿ ಓದಬೇಕಿತ್ತು.

ಗಾಡಿ ಇಳಿದು ಹೊಳೆ ದಾಟುವಾಗ ತುಂಗಭದ್ರೆಯ ನಡುನೀರಿನಲ್ಲಿ ಹರಿಗೋಲು ವಾಲಿತು. ಅವ್ವನನ್ನು ಅಂಬಿಗರು ಜುಟ್ಟು ಹಿಡಿದು ಎಳೆದುಕೊಂಡರು, ಪುಸ್ತಕದ ಚೀಲ ಹೊಳೆಯ ಪಾಲಾಯಿತು. ದಂಡೆಯಲ್ಲಿ ಕೂತು ಅವ್ವ ಗಳಗಳ ಅತ್ತಳಂತೆ. ಬೇರೆ ಯಾರಾದರೂ ಆಗಿದ್ದರೆ ಮುಖ ಮುಚ್ಚಿಕೊಂಡು ಸವಣೂರಿನ ದಾರಿ ಹಿಡಿಯುತ್ತಿದ್ದರು. ಅವ್ವ ಒದ್ದೆ ಸೀರೆಯಲ್ಲೇ ಮುಂಡರಗಿಗೆ ವಾಪಸು ಬಂದು ಮಾಸ್ತರರ ಅಂಗಳದಲ್ಲಿ ನಿಂತು, “ಪುಸ್ತಕ ಹೊಳೀಗೆ ಹೋತ್ರಿ ಮಾಸ್ತರ. ನೀವರ ನಡೀರಿ” ಎಂದಳು. ಉಳಿದ ಇಬ್ಬರಿಗೂ ಹೇಳಿಕಳಿಸಿದಳು. ಖಾದರಬೀ ಅಂಗಡಿ ಮುಚ್ಚಿ ಬಂದಳು. ಬೀರಪ್ಪಜ್ಜನಿಗೆ ಮಂಡಿನೋವು, ಅವನನ್ನು ಮೊಮ್ಮಕ್ಕಳು ಗಾಡಿಗೆ ಎತ್ತಿ ಹಾಕಿದರು.

ಕೂಡ್ಲಿಗಿಯಲ್ಲಿ ಬೋರಮ್ಮ ಇವರನ್ನು ಮೇಲಿಂದ ಕೆಳಗೆ ನೋಡಿ, “ಪುಸ್ತಕ ಎಲ್ಲೈತವ್ವಾ?” ಎಂದು ಕೇಳಿದಳು. “ಇವರs ಪುಸ್ತಕ, ತಾಯಿ. ಮೊದಲ ನೀರು ಕೊಡು, ಆಮ್ಯಾಲ ಓದೂಣಂತ” ಎಂದಳು ನನ್ನವ್ವ. ಒಬ್ಬರಾದ ಮೇಲೆ ಒಬ್ಬರು ಒಪ್ಪಿಸಿದರು. ಬೀರಪ್ಪಜ್ಜ ನಡುವೆ ತನ್ನಪ್ಪ ಮಾಡುತ್ತಿದ್ದ ಮದ್ದನ್ನೂ ಸೇರಿಸಹೋದಾಗ ಖಾದರಬೀ, “ಪುಸ್ತಕದಾಗ ಇದ್ದಷ್ಟs ಹೇಳ್ರಿ ಅಜ್ಜಾರ, ನೀವೇನು ತೊಳೆಪುಟ ಏನ್ರಿ?” ಎಂದು ಗದರಿದಳು. ಹಟ್ಟಿಯಲ್ಲಿ ಎಷ್ಟೋ ದಿನಗಳ ಮೇಲೆ ನಗು ಕೇಳಿಸಿತಂತೆ. ಉಳಿದಿದ್ದ ಮರಿಗಳಲ್ಲಿ ಹೆಚ್ಚಿನವು ಬದುಕಿದವು.

ಕೂಡ್ಲಿಗಿಯವರು ಆ ಮೂರು ಪಾಠಗಳನ್ನು ಕೇಳಿದ ಹಾಗೆಯೇ ಬರೆದು, ಹೊಲಿದು, ಹೊಸ ರಟ್ಟು ಹಾಕಿ ನಮಗೆ ಮರಳಿಸಿದರು. ಕಳೆದದ್ದನ್ನು ಹೀಗೆ ವಾಪಸು ಪಡೆದ ಮನೆ ಇನ್ನೊಂದಿದ್ದರೆ ತೋರಿಸಿ. ಈ ಹಜಾರದಲ್ಲಿ ಕೂತಾಗಲೆಲ್ಲ ನನ್ನ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಡುವ ಬುದ್ಧಿ ನನಗಿಲ್ಲ. ಕೊಟ್ಟದ್ದರಿಂದಲೇ ಅದು ನಮ್ಮಲ್ಲಿ ಉಳಿಯಿತು. ಬೀಗ ಹಾಕಿ ಇಟ್ಟಿದ್ದರೆ ಒಂದು ದಿನ ಗೆದ್ದಲು ತಿಂದು ಮುಗಿಸುತ್ತಿತ್ತು, ಏನು ಹೋಯಿತೆಂದು ಹೇಳುವವರೂ ಇರುತ್ತಿರಲಿಲ್ಲ.

ಆದರೆ ನಾಲ್ಕನೆಯ ಪಾಠವನ್ನು ಯಾರೂ ಕೇಳಿರಲಿಲ್ಲ. ನನ್ನವ್ವನೂ ಓದಿರಲಿಲ್ಲ. ಹೀಗಾಗಿ ಬೇನೆ ಕೆಲವು ವರ್ಷಗಳಿಗೊಮ್ಮೆ ತಿರುಗಿ ಬರುತ್ತದೆ, ನಾವು ತಿರುಗಿ ಮದ್ದು ಕುಡಿಸುತ್ತೇವೆ, ಒಂದಿಷ್ಟು ಮರಿಗಳು ಸತ್ತೇ ಸಾಯುತ್ತವೆ. ಈ ವರ್ಷವೂ ಬಂದಿದೆ. ಬೋರಮ್ಮನ ಮೊಮ್ಮಗಳು ನಿನ್ನೆ ಪುಸ್ತಕ ಕೇಳಿ ಹೇಳಿಕಳಿಸಿದ್ದಾಳೆ.

ಅದಕ್ಕೇ ಈ ಪತ್ರ. ಆ ಪುಸ್ತಕ ನಿಮ್ಮ ಕಾಲದ್ದು. ‘ಕುರಿಗೆ ಮಾತು ಬರುವುದಿಲ್ಲ ಎನ್ನುವವರು ಕುರಿ ಸಾಕಬಾರದು’ ಎಂದು ಶುರುವಾಗುತ್ತದೆ. ನಿಮ್ಮ ಯಾವುದೋ ಕಪಾಟಿನಲ್ಲಿ ಅದು ಇದ್ದೀತು. ಬೇರೆ ಊರಿನವರು ಕೇಳಿದರೆ ಇಲ್ಲವೆನ್ನಬೇಡಿ, ಕಳಿಸಿ. ಕಳಿಸುವ ಮೊದಲು ಕೊನೆಯ ಪಾಠವನ್ನು ಹತ್ತಿರವಿದ್ದವರಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳಲಿ. ಬಾಯಿಂದ ಬಾಯಿಗೆ ಬರುತ್ತ ಅದು ನಮ್ಮ ಹಜಾರದ ತನಕ ಬಂದೇ ಬರುತ್ತದೆ ಎಂಬ ನಂಬಿಕೆ ನನ್ನದು. ಕೂಡ್ಲಿಗಿಯವರು ಆ ಪಾಠಕ್ಕೆಂದು ಖಾಲಿ ಬಿಟ್ಟು ಹೊಲಿದ ಕೊನೆಯ ಹಾಳೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ನಾಳೆ ಬಿಸಿಲು ಮೂಡುತ್ತಲೇ ಪುಸ್ತಕದ ಜೊತೆ ನಾನೇ ಹೊರಡುತ್ತಿದ್ದೇನೆ.

ಬಾಳವ್ವನ ಮಗಳು,
ದಾನವ್ವ