ಟಾಕಿಯ ನೀರಿನಲ್ಲಿ ಸತ್ತವೆಷ್ಟು, ಬದುಕಿದವೆಷ್ಟು?

ಮಾನ್ಯ ನೀರು ಸರಬರಾಜು ಅಧಿಕಾರಿಗಳೇ,

ನಮ್ಮ ಓಣಿಯ ನೀರಿನ ಟಾಕಿಯಲ್ಲಿದ್ದ ಕಾಲರಾ ರೋಗಾಣುಗಳೆಲ್ಲ ಸತ್ತಿವೆ, ಯಾರೂ ಹೆದರಬೇಕಿಲ್ಲ ಎಂದು ಆಟೋಗೆ ಮೈಕು ಕಟ್ಟಿಸಿ ಸಾರಿಸಿದಿರಿ. ಅವು ಸತ್ತದ್ದನ್ನು ಕಂಡವರು ಯಾರು ಸ್ವಾಮಿ?

ಬ್ಲೀಚಿಂಗ್ ಪುಡಿ ಸುರಿದ ಮೇಲೂ ಪ್ರಯೋಗಾಲಯದ ಹೊಸ ಪಿಸಿಆರ್ ಯಂತ್ರ ನೀರಿನಲ್ಲಿ ರೋಗಾಣುವಿನ ಡಿಎನ್‌ಎ ಇದೆ ಎಂದಿತು. ಪುಡಿ ಹಾಕಿದ್ದೇವಲ್ಲ, ಹಾಗಾದರೆ ಇವು ಹೆಣಗಳೇ ಇರಬೇಕು ಎಂದು ತಾವು ತೀರ್ಮಾನಿಸಿದಿರಿ. ಎಂಥ ಅಪಾರ ವಿಶ್ವಾಸ! ಆ ಪುಡಿಯ ಚೀಲ ಪಂಪ್‌ಹೌಸಿನಲ್ಲಿ ಬಾಯಿ ತೆರೆದುಕೊಂಡೇ ಮಳೆಗಾಲ ಕಳೆದು ವಾಸನೆಯನ್ನೂ ಕಸುವನ್ನೂ ಕಳೆದುಕೊಂಡಿತ್ತು.

ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ನನ್ನ ಅಕ್ಕನ ಮಗಳು ಸ್ನೇಹಾ ನಿಮ್ಮ ವರದಿ ಓದಿ ಗಾಬರಿಯಾದಳು. "ಮಾಮಾ, ಆ ಯಂತ್ರ ಬರೇ ಡಿಎನ್‌ಎ ಎಣಸ್ತೈತಿ. ಸತ್ತದ್ದರದೋ ಜೀವ ಇದ್ದದ್ದರದೋ ಅದಕ್ಕ ತಿಳಿಯಂಗಿಲ್ಲ," ಎಂದಳು. ತೀರಿಕೊಂಡ ನನ್ನ ಅಪ್ಪ ಮತದಾರರ ಪಟ್ಟಿಯಲ್ಲಿ ಇನ್ನೂ ಉಳಿದಿರುವಂತೆಯೇ ಸತ್ತ ರೋಗಾಣುವಿನ ಡಿಎನ್‌ಎಯೂ ಉಳಿದಿರುತ್ತದಂತೆ. ಅದಕ್ಕೆ ಈಚೆಗೆ ಉಪಾಯವೂ ಬಂದಿದೆ. ಪರೀಕ್ಷೆಗೆ ಮೊದಲು ನೀರಿಗೆ ಒಂದು ಬಣ್ಣ ಬೆರೆಸಿ ಜೋರಾದ ಬೆಳಕು ಹಾಯಿಸುತ್ತಾರೆ. ಸತ್ತವುಗಳ ಹರಿದ ಪೊರೆಯೊಳಗೆ ಬಣ್ಣ ನುಗ್ಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಆಮೇಲೆ ಯಂತ್ರಕ್ಕೆ ಅದು ಸಿಗುವುದಿಲ್ಲ. ಹೆಚ್ಚುಕಡಿಮೆ ಬದುಕಿದವಷ್ಟೇ ಲೆಕ್ಕಕ್ಕೆ ಬರುತ್ತವೆ. ತಾವು ಅದನ್ನು ಮಾಡಿಸಲಿಲ್ಲ. ಮೈಕು ಮಾತ್ರ ಮಾಡಿಸಿದಿರಿ.

ಸ್ನೇಹಾಳ ತಾಯಿ, ನನ್ನ ಅಕ್ಕ ಹೊಳಿಯವ್ವ, ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ವಾಂತಿಭೇದಿ ಶುರುವಾದಂದಿನಿಂದ ಮಕ್ಕಳಿಗೆ ಕುದಿಸದ ನೀರು ಕೊಟ್ಟವಳಲ್ಲ. ಮೈಕು ಬಂದು ಹೋದ ಮರುದಿನ ನೋಡಿದರೆ ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸುರಿಯುತ್ತಿದ್ದಳು.

"ಯಾಕ ಕುದಸವಲ್ಲಿ ಅಕ್ಕಾ?"

"ಸತ್ತಾವಂತಲ್ಲೋ ತಮ್ಮಾ. ಸೋಸಿದ್ರ ಹೆಣ ಅರಿವ್ಯಾಗ ನಿಲ್ತಾವ," ಎಂದು ನಕ್ಕಳು.

ಅವಳನ್ನು ಹೇಗೆ ಬೈಯಲಿ? ಸತ್ತಿವೆ ಎಂದವರು ಅಧಿಕಾರಿಗಳು. ಈಗ ಅವಳು ಹಾವೇರಿಯ ದವಾಖಾನೆಯಲ್ಲಿ ಸಲೈನ್ ಏರಿಸಿಕೊಂಡು ಮಲಗಿದ್ದಾಳೆ. ಕಣ್ಣು ಗುಳಿ ಬಿದ್ದಿವೆ, ಕರೆದರೆ ಓ ಎನ್ನುವ ಶಕ್ತಿಯಿಲ್ಲ. ನನಗೆ ಭಯವಾಗುತ್ತಿದೆ. ಇಲ್ಲಿ ಓಣಿಯ ಮನೆಮನೆಯ ಕೊಡಕ್ಕೂ ಅರಿವೆ ಬಿಗಿದಿದೆ. ನೀರು ಕುದಿಸಲು ಒಲೆ ಯಾರೂ ಹೊತ್ತಿಸುತ್ತಿಲ್ಲ.

ಇಂದು ಸಂಜೆಯೊಳಗೆ ಅದೇ ಆಟೋ, ಅದೇ ಮೈಕು ಕಳುಹಿಸಿ. "ನಮಗೆ ಗೊತ್ತಿಲ್ಲ, ನೀರು ಕುದಿಸಿಯೇ ಕುಡಿಯಿರಿ" ಎಂದು ಸಾರಿಸಿ. ಬಣ್ಣ ಬೆರೆಸಿ ಮತ್ತೆ ಪರೀಕ್ಷೆಯಾಗುವವರೆಗೆ ಆ ಟಾಕಿಯ ನೀರು ಬಿಡಬೇಡಿ. ನಾಳೆ ಬೆಳಿಗ್ಗೆ ನಮ್ಮ ಓಣಿಗೆ ನೀರು ಬಿಡುವ ಪಾಳಿ. ಅಂಗನವಾಡಿಗೆ ಮೂರು ಮಕ್ಕಳು ಇವತ್ತು ಬಂದಿಲ್ಲ.

ಇಂತಿ,
ಯಾವ ಪರೀಕ್ಷೆಯೂ ಇಲ್ಲದೆ ತಾನಿನ್ನೂ ಬದುಕಿದ್ದೇನೆಂದು ನಂಬಿರುವ,
ಮೈಲಾರಪ್ಪ
ಗುತ್ತಲ ಸೀಮೆ, ೨೦೦೯